ಹವಾನಾವೋ, ಸಾಂಟಿಯಾಗೊವೋ?
ಕ್ಯೂಬಾದ ಕ್ರಾಂತಿಯ ಜಾಡು ಹಿಡಿದು ಹೊರಟವರಿಗೆ ಒಂದೇ ಊರಿಗಷ್ಟೇ ಬಿಡುವಿದ್ದರೆ?

ಅಮೆರಿಕದೊಂದಿಗಿನ ಜಟಾಪಟಿ ನೋಡಬೇಕೆಂದರೆ ಹವಾನಾ. 1961ರಲ್ಲಿ ಮುಚ್ಚಿ 2015ರಲ್ಲಿ ಮತ್ತೆ ತೆರೆದ ಅಮೆರಿಕದ ರಾಯಭಾರ ಕಚೇರಿ ಕಡಲ ದಂಡೆಯಲ್ಲಿದೆ. ಅದರ ಮುಂದೆಯೇ ಸಾಮ್ರಾಜ್ಯಶಾಹಿ ವಿರೋಧಿ ಸಭಾಂಗಣ! ಸಮೀಪದಲ್ಲೇ ಇರುವ, 1898ರಲ್ಲಿ ಹವಾನಾ ಬಂದರಿನಲ್ಲಿ ಸ್ಫೋಟಗೊಂಡು ಮುಳುಗಿದ ಅಮೆರಿಕದ ‘ಮೇನ್’ ಯುದ್ಧನೌಕೆಯ ಸ್ಮಾರಕದ ಕಂಬಗಳ ನೆತ್ತಿ ಬೋಳು. ಅಲ್ಲಿದ್ದ, ಅಮೆರಿಕದ ಲಾಂಛನವಾದ ಹದ್ದಿನ ವಿಗ್ರಹವನ್ನು 1961ರಲ್ಲಿ ಕೆಳಗಿಳಿಸಿದರು.

ಸಾಂಟಿಯಾಗೊದಲ್ಲಿರುವುದು ಕ್ರಾಂತಿಯ ಬೇರು. 1953ರ ಜುಲೈ 26ರಂದು ಫಿಡೆಲ್ ಕ್ಯಾಸ್ಟ್ರೊ ದಾಳಿ ಮಾಡಿ ಸೋತ ಮೊಂಕಾಡಾ ಸೇನಾ ನೆಲೆ ಈಗ ಶಾಲೆ ಮತ್ತು ವಸ್ತುಸಂಗ್ರಹಾಲಯ. ಗೋಡೆಯ ಗುಂಡಿನ ತೂತುಗಳನ್ನು ಕಂಡು ತೀರಾ ಭಾವುಕರಾಗಬೇಡಿ; ಆಗಿನ ಸರ್ವಾಧಿಕಾರಿ ಬಟಿಸ್ಟಾರ ಆಡಳಿತ ಮುಚ್ಚಿಸಿದ್ದನ್ನು ಕ್ರಾಂತಿಯ ಬಳಿಕ ಮತ್ತೆ ಕೊರೆಸಲಾಗಿದೆ. 1898ರಲ್ಲಿ ಅಮೆರಿಕದ ಸೇನೆ ಸ್ಪೇನನ್ನು ಸೋಲಿಸಿದ ಸ್ಯಾನ್ ಹುವಾನ್ ಗುಡ್ಡವೂ ಇಲ್ಲಿಯೇ.

ರಾಜಧಾನಿ ಹವಾನಾದಿಂದ ರಸ್ತೆಯಲ್ಲಿ 800 ಕಿ.ಮೀ.ಗೂ ಹೆಚ್ಚು ದೂರವಾದರೂ ನನ್ನ ಮತ ಸಾಂಟಿಯಾಗೊಗೆ.