ಮೊದಲ ಟರ್ನ್‌ಟೇಬಲ್ಲಿಗೆ ಎಲ್‌ಪಿ60ಎಕ್ಸ್ ಸಾಕಾ?

ಸಾಕು, ಮನೆಯಲ್ಲಿ 78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಗ್ರಾಮಫೋನ್ ತಟ್ಟೆಗಳು, ಇಲ್ಲದಿದ್ದರೆ.

ಆಡಿಯೋ-ಟೆಕ್ನಿಕಾದ ಎಟಿ-ಎಲ್‌ಪಿ60ಎಕ್ಸ್ ಈಗ ನಮ್ಮ ಮನೆಯ ಹಾಲ್‌ನಲ್ಲಿದೆ. ಪೂರ್ತಿ ಆಟೊಮ್ಯಾಟಿಕ್. ಬಟನ್ ಒತ್ತಿದರೆ ತೋಳು ತಾನೇ ಎದ್ದು, ಪ್ಲೇಟಿನ ಅಂಚಿಗೆ ಹೋಗಿ ಇಳಿಯುತ್ತದೆ, ಪ್ಲೇಟಿನ ಆ ಬದಿ ಮುಗಿದ ಮೇಲೆ ತಾನೇ ವಾಪಸ್ ಬಂದು ಕೂರುತ್ತದೆ. ಅಮ್ಮ ಯಾರನ್ನೂ ಕರೆಯದೆ ತಾವೇ ಹಾಕಿಕೊಂಡು ಕೇಳುತ್ತಾರೆ, ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ. ಒಂದೇ ಎಚ್ಚರಿಕೆ: ಚಿಕ್ಕ 7 ಇಂಚಿನ ಪ್ಲೇಟು ಹಾಕುವಾಗ ಸೈಜಿನ ಸ್ವಿಚ್ ಬದಲಿಸಿ. ಇಲ್ಲದಿದ್ದರೆ ಮುಳ್ಳು (ಗೆರೆಯಲ್ಲಿ ಓಡುವ ಸೂಜಿ) ಪ್ಲೇಟಿನ ಹೊರಗೆ, ಬರೀ ಮ್ಯಾಟ್ ಮೇಲೆ ಇಳಿಯುತ್ತದೆ.

ಹೊಸಬರಿಗೆ ತಲೆ ಕೆಡುವುದು ಪ್ರೀಆಂಪ್ ವಿಷಯದಲ್ಲಿ. ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಕಾರ್ಟ್ರಿಜ್‌ನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್, ಜೊತೆಗೆ ಪ್ಲೇಟು ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ, ಅದನ್ನು ತಿರುಗಿ ಸರಿ ಮಾಡಬೇಕು. ಇವೆರಡೂ ಫೋನೋ ಪ್ರೀಆಂಪ್‌ನ ಕೆಲಸ. ಎಲ್‌ಪಿ60ಎಕ್ಸ್‌ನಲ್ಲಿ ಅದು ಒಳಗೇ ಇದೆ. ಹಿಂದಿನ ಸ್ವಿಚ್ಚನ್ನು ಲೈನ್ ಕಡೆಗೆ ಇಟ್ಟು ಸ್ಪೀಕರ್‌ನ ಆಕ್ಸ್ ಸಾಕೆಟ್ಟಿಗೆ ಚುಚ್ಚಿದರೆ ಮುಗಿಯಿತು. ಫೋನೋ ಕಡೆಗೇ ಬಿಟ್ಟರೆ ದನಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಬರುತ್ತದೆ. ಸೆಟ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಮೊದಲು ಆ ಸ್ವಿಚ್ ನೋಡಿ.

ಕೊರತೆ ಇಲ್ವಾ? ಇದೆ. ತೋಳು ಪ್ಲೇಟಿನ ಮೇಲೆ ಹಾಕುವ ಭಾರ ಹೆಚ್ಚು ಕಮ್ಮಿ ಮಾಡಲು ಬರುವುದಿಲ್ಲ. ಮುಳ್ಳು ಬದಲಿಸಬಹುದು, ಕಾರ್ಟ್ರಿಜ್ ಬದಲಿಸಲು ಆಗುವುದಿಲ್ಲ. ಅಂದರೆ ಮುಂದೆ ಕಿವಿ ಸೂಕ್ಷ್ಮವಾದಾಗ ಇದನ್ನೇ ಸುಧಾರಿಸಿಕೊಂಡು ಹೋಗುವ ದಾರಿಯಿಲ್ಲ, ಬೇರೆ ಸೆಟ್ಟೇ ಬೇಕು. ನನಗೆ ಇದು ದೊಡ್ಡ ದೋಷ ಅನಿಸಲಿಲ್ಲ. ಶುರುವಿನಲ್ಲೇ ಕೌಂಟರ್‌ವೇಟ್ (ಆ ಭಾರ ಹೊಂದಿಸುವ ತೂಕ), ಆ್ಯಂಟಿ-ಸ್ಕೇಟ್ (ತೋಳು ಒಳಗಡೆಗೆ ಎಳೆಯದಂತೆ ತಡೆಯುವುದು) ಅಂತ ಗ್ರಾಂ ಲೆಕ್ಕದಲ್ಲಿ ಒದ್ದಾಡುವುದಕ್ಕಿಂತ ಸುಮ್ನೆ ಹಾಡು ಕೇಳುವುದು ವಾಸಿ ಅಲ್ವಾ?

ಈಗ 78ರ ಮಾತು. ತಾತನ ಪೆಟ್ಟಿಗೆಯಲ್ಲಿ ದಪ್ಪಗೆ, ಭಾರವಾಗಿ, ಕೈಜಾರಿದರೆ ಚೂರಾಗುವಂಥ 10 ಇಂಚಿನ ಪ್ಲೇಟುಗಳಿದ್ದರೆ ಅವು ಹೆಚ್ಚುಕಡಿಮೆ ಅರಗಿನ 78ಗಳೇ. ನಮ್ಮ ದೇಶದಲ್ಲಿ ಇವನ್ನು 1960ರ ದಶಕದಲ್ಲೂ ಅಚ್ಚು ಹಾಕುತ್ತಿದ್ದರು, ಹಾಗಾಗಿ ಹಳೆ ಮನೆಗಳಲ್ಲಿ ಇನ್ನೂ ಸಿಗುತ್ತವೆ. ಎಲ್‌ಪಿ60ಎಕ್ಸ್‌ನಲ್ಲಿರುವುದು 33 ಮತ್ತು 45ರ ವೇಗ ಮಾತ್ರ. ವೇಗ ಒಂದೇ ಅಲ್ಲ, 78ರ ಗೆರೆ ಅಗಲ, ಎಲ್‌ಪಿಯ (33ರ ವೇಗದ ದೊಡ್ಡ ಪ್ಲೇಟಿನ) ಸಣ್ಣ ಮುಳ್ಳು ಅದರ ತಳ ಕೆರೆಯುತ್ತಾ ಗರಗರ ಅನ್ನುತ್ತದೆ. ಇಂಥ ಪ್ಲೇಟು ಇರುವವರು ಅದೇ ಕಂಪನಿಯ ಎಲ್‌ಪಿ120ಎಕ್ಸ್ ನೋಡಬೇಕು. ದುಡ್ಡು ಎರಡು ಪಟ್ಟಿಗೂ ಜಾಸ್ತಿ, ಆದರೆ ಮೂರೂ ವೇಗ ಇದೆ, ಭಾರ ಹೊಂದಿಸಬಹುದು. ಜೊತೆಗೆ ಬರುವ ವಿಎಂ95ಇ ಕಾರ್ಟ್ರಿಜ್‌ಗೆ 78ಕ್ಕೆಂದೇ ಮಾಡಿದ ವಿಎಂಎನ್95ಎಸ್‌ಪಿ ಮುಳ್ಳು ಬೇರೆ ಸಿಗುತ್ತದೆ, ಮೊದಲಿನ ಮುಳ್ಳನ್ನು ಎಳೆದು ತೆಗೆದು ಇದನ್ನು ಚುಚ್ಚಬಹುದು. ಎಲ್‌ಪಿ ಹಾಕುವ ಮುಂಚೆ ಮರೆಯದೆ ಹಳೆಯದನ್ನೇ ಚುಚ್ಚಿ.

ಸೂಟ್‌ಕೇಸ್ ಥರದ ಸೆಟ್ಟುಗಳು ಫೋಟೋದಲ್ಲಿ ಚೆನ್ನಾಗಿರುತ್ತವೆ. ಬಹಳಷ್ಟರಲ್ಲಿ ಸೆರಾಮಿಕ್ ಕಾರ್ಟ್ರಿಜ್, 5-6 ಗ್ರಾಂ ಭಾರ. ವಿಎಂ95ಇಗೆ ಬೇಕಿರುವುದು 2 ಗ್ರಾಂ. ಒಂದೇ ಸಲಕ್ಕೆ ಪ್ಲೇಟು ಹಾಳಾಗುತ್ತದೆ ಅನ್ನುವುದು ಅತಿಯಾಯಿತು, ಆದರೆ ಮತ್ತೆ ಸಿಗದ ಪ್ಲೇಟನ್ನು ನಾನಂತೂ ಅದರಲ್ಲಿ ಹಾಕುವುದಿಲ್ಲ.

ಉಳಿದ ದುಡ್ಡು ಸ್ಪೀಕರ್‌ಗೆ ಹಾಕಿ. ಎಡಿಫೈಯರ್ ಆರ್1280ಟಿ ಥರ ಆಂಪ್ ಒಳಗೇ ಇರುವ ಜೋಡಿ ಸಾಮಾನ್ಯ ರೂಮಿಗೆ ಧಾರಾಳ. ಅವನ್ನು ಟರ್ನ್‌ಟೇಬಲ್ ಇರುವ ಟೇಬಲ್ ಮೇಲೆ ಮಾತ್ರ ಇಡಬೇಡಿ, ಬೇಸ್‌ನ ಅದುರು ಮುಳ್ಳಿಗೆ ತಾಗಿ ಹೂಂಕಾರ ಶುರುವಾಗುತ್ತದೆ. ಪ್ಲೇಟಿನ ಧೂಳು ಒರೆಸಲು ಒಂದು ಕಾರ್ಬನ್ ಬ್ರಷ್ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ಹೊಸ ಮುಳ್ಳಿನ ಬೆಲೆಯನ್ನೂ ಸೇರಿಸಿಯೇ ಚೌಕಾಸಿ ಮಾಡಿ, ಹಳೆಯದು ಎಷ್ಟು ಸವೆದಿದೆ ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ.