ಅಂಬಾಸಿಡರ್ ಗೇರ್ ಬಾಕ್ಸ್ ಬಿಚ್ಚಿಸುವವರು ಕಪನೂರಿನ ಈ ಶೆಡ್ಡಿಗೆ ಹೋಗಿ

ಗ್ಯಾರೇಜಿಗೆ ಫಲಕವಿಲ್ಲ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಪನೂರ ಕೈಗಾರಿಕಾ ಪ್ರದೇಶದೊಳಗೆ ಹೊಕ್ಕು, ಬೇಳೆ ಮಿಲ್ಲಿನ ಪಕ್ಕದ ತಗಡಿನ ಶೆಡ್ಡು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿನ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಾರೆ.

ನಮ್ಮದು 1986ರ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರ್ ಲಿವರ್. ಅಪ್ಪ ನೆಹರು ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿದ್ದಾಗ ಕೊಂಡ ಕಾರು. ಅದನ್ನು ಗುಜರಿಗೆ ಹಾಕುವ ಮಾತು ನಮ್ಮ ಮನೆಯಲ್ಲಿಲ್ಲ. ಎರಡು ವರ್ಷದಿಂದ ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ ಕರಕರ ಹಲ್ಲು ಕಡಿಯುತ್ತಿತ್ತು. ಕ್ಲಚ್ ಬಿಟ್ಟೊಡನೆ ಅಡಿಯಿಂದ ಟಣ್ ಎಂಬ ಪೆಟ್ಟು, ವೇಗ ಹಿಡಿದರೆ ಸಣ್ಣ ಊಳು. ಊರೊಳಗಿನ ಇನ್ನೊಂದು ಗ್ಯಾರೇಜಿನವರು ಬಾನೆಟ್ಟನ್ನೂ ಎತ್ತದೆ, ಗೇರ್ ಬಾಕ್ಸನ್ನೂ ಹಿಂದಿನ ಆಕ್ಸಲನ್ನೂ ಪೂರ್ತಿ ಬದಲಿಸಿ ಎಂದಿದ್ದರು.

ಉಸ್ತಾದ್ ಸ್ಪ್ಯಾನರ್ ಮುಟ್ಟಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಿಂಗ್ ರೋಡಿಗೆ ಹೊರಟರು. ಮೊದಲ ಮೂರು ಗೇರಿನಲ್ಲೂ ಊಳು ಕೇಳಿತು. ನಾಲ್ಕಕ್ಕೆ ಹಾಕಿದೊಡನೆ ನಿಂತಿತು. "ಲೇ ಶಾಫ್ಟ್" ಎಂದರು, ಗೇರ್ ಬಾಕ್ಸಿನೊಳಗೆ ಕೆಳಗಿನ ಗೇರುಗಳಿಗೆ ಬಲ ದಾಟಿಸುವ ದಂಡ. ಟಾಪ್ ಗೇರಿನಲ್ಲಿ ಎಂಜಿನ್ನಿನ ಬಲ ನೇರವಾಗಿ ಚಕ್ರಗಳ ಕಡೆಯ ಮೇನ್ ಶಾಫ್ಟಿಗೆ ಹೋಗುತ್ತದೆ, ಲೇ ಶಾಫ್ಟ್ ಹೊರೆಯಿಲ್ಲದೆ ತಿರುಗುತ್ತಿರುತ್ತದೆ. ದೋಷ ಹಿಂದಿನ ಆಕ್ಸಲಿನದಾಗಿದ್ದರೆ ನಾಲ್ಕರಲ್ಲೂ ಸದ್ದು ಬರಬೇಕಿತ್ತು. ಆಕ್ಸಲಿನೊಳಗಿನ ಹಲ್ಲುಚಕ್ರದ ಜೋಡಿ, ಕ್ರೌನ್ ಪಿನಿಯನ್, ಬದಲಿಸುವ ಖರ್ಚು ಅಲ್ಲಿಯೇ ಉಳಿಯಿತು.

ಬಿಚ್ಚಿದ ದಿನ ನನ್ನನ್ನು ಕರೆಸಿದರು. ಲೇ ಶಾಫ್ಟನ್ನು ಬಿಸಿಲಿಗೆ ಹಿಡಿದರೆ ಸೂಜಿ ಬೇರಿಂಗ್ ಓಡುವ ಜಾಗದಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಎರಡನೇ ಗೇರಿನ ಹಿತ್ತಾಳೆಯ ಸಿಂಕ್ರೊ ರಿಂಗನ್ನು (ಗೇರ್ ಬೀಳುವ ಮೊದಲು ವೇಗ ಸರಿಹೊಂದಿಸುವ ಬಳೆ, ಸವೆದರೆ ಹಲ್ಲು ಕಡಿಯುತ್ತದೆ) ಗೇರಿನ ಕೋನಿನ ಮೇಲೆ ಕೂರಿಸಿ ನನ್ನ ಕೈಗೇ ಕೊಟ್ಟರು: ಹೊಸದು ಕಚ್ಚಿಕೊಂಡು ಅಲುಗಲಿಲ್ಲ, ಹಳೆಯದು ಸಡಿಲ ಬಳೆಯಂತೆ ಸುತ್ತಿತು. ಒಳಮೈಯ ಎಳೆಎಳೆ ಗೀರುಗಳು ಸವೆದು ನುಣ್ಣಗಾಗಿದ್ದವು. ಎಣ್ಣೆಯ ಪದರವನ್ನು ಸೀಳಿ ಹಿಡಿತ ಕೊಡುವುದೇ ಆ ಗೀರುಗಳು. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇಳಿಸುವ ಮೊದಲು ಬೋಲ್ಟ್ ಕೂಡುವ ತಟ್ಟೆಗಳಿಗೆ, ಅಂದರೆ ಫ್ಲಾಂಜುಗಳಿಗೆ, ಪಂಚಿನಿಂದ ಗುರುತು ಹಾಕಿದರು, ಮರಳಿ ಅದೇ ಜೋಡಣೆಯಲ್ಲಿ ಕೂರದಿದ್ದರೆ ನಡುಕ ಬರುತ್ತದೆ. ಟಣ್ ಎನ್ನುತ್ತಿದ್ದದ್ದು ಆ ಶಾಫ್ಟಿನ ಹಿಂತುದಿಯ ಕ್ರಾಸು, ಅಂದರೆ ಬಾಗುವ ಕೀಲು. ಒಳಗೆ ಗ್ರೀಸ್ ಒಣಗಿ ಕೆಂಪು ತುಕ್ಕಿನ ಪುಡಿಯಾಗಿತ್ತು. ಎರಡೂ ಕ್ರಾಸ್ ಹೊಸದಾದವು. ಗೇರ್ ಬಾಕ್ಸ್ ಹೊರಗಿದ್ದಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಹಾಕಿಸಿಕೊಂಡೆ.

ದೂರುಗಳೂ ಇವೆ. ಎಂಟು ದಿನ ಎಂದದ್ದು ಇಪ್ಪತ್ಮೂರು ದಿನವಾಯಿತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ರಿಂಗು ಹೈದರಾಬಾದಿನಿಂದ ಬರಬೇಕಿತ್ತು, ಒಪ್ಪುತ್ತೇನೆ. ಆದರೆ ಒಂದು ಫೋನ್ ಮಾಡಿ ತಿಳಿಸಬಹುದಿತ್ತು. ಇನ್ನೊಂದು, ಎಣ್ಣೆ ಹಾಕುವಾಗ ಎದುರಿಗೆ ನಿಂತಿರಿ. ಸಹಾಯಕ ಹುಡುಗ ಆಕ್ಸಲಿನ ಜಿಎಲ್-5 ದರ್ಜೆಯ ಗೇರ್ ಎಣ್ಣೆಯ ಡಬ್ಬಿಯನ್ನೇ ಗೇರ್ ಬಾಕ್ಸಿಗೂ ಬಗ್ಗಿಸಲು ಹೊರಟಿದ್ದ. ಅದರಲ್ಲಿನ ಗಂಧಕದ ಅಂಶ ಸಿಂಕ್ರೊ ರಿಂಗಿನ ಹಿತ್ತಾಳೆಯನ್ನು ತಿನ್ನಬಹುದು. ನಾನು ತಡೆದು ಜಿಎಲ್-4 ತರಿಸಿದೆ. ಉಸ್ತಾದ್ ಕೂಡ ಅದೇ ಸರಿ ಎಂದರು.

ಒಟ್ಟು 27,600 ರೂಪಾಯಿ, ಅದರಲ್ಲಿ ಕೂಲಿ 9,000. ಬಿಡಿಭಾಗಗಳ ರಸೀದಿಯನ್ನೂ ಹಳೆಯ ಭಾಗಗಳನ್ನೂ ಚೀಲದಲ್ಲಿ ಕಟ್ಟಿ ಕೊಟ್ಟರು.

ಮರುದಿನ ಹುಮನಾಬಾದಿನವರೆಗೆ ಓಡಿಸಿದೆ. ಕಮಲಾಪುರದ ಬಳಿ ಲಾರಿಯ ಹಿಂದೆ ನಿಧಾನಿಸಿ ಎರಡಕ್ಕೆ ಇಳಿಸಿದಾಗ ಸದ್ದೇ ಇಲ್ಲ. ನಂಬಿಕೆಯಾಗದೆ ಏರಿಸಿ ಮತ್ತೆ ಇಳಿಸಿದೆ. ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಗೊನೆ ಕೊಂಡು ಶೆಡ್ಡಿಗೆ ಕೊಟ್ಟುಬಂದೆ. ವಾರದ ನಂತರ ಗೇರ್ ಬಾಕ್ಸಿನ ಹಿಂದಿನ ಸೀಲಿನಿಂದ ಎಣ್ಣೆ ತೊಟ್ಟಿಕ್ಕಿತು. ದುಡ್ಡು ಕೇಳದೆ ಅರ್ಧ ದಿನದಲ್ಲಿ ಬದಲಿಸಿದರು. ಶುಕ್ರವಾರ ಮಧ್ಯಾಹ್ನ ಶೆಡ್ಡು ಮುಚ್ಚಿರುತ್ತದೆ. ಉಳಿದ ದಿನ ಬೆಳಿಗ್ಗೆ ಹತ್ತರೊಳಗೆ ಹೋದರೆ ಉಸ್ತಾದ್ ತಾವೇ ಕಾರು ಓಡಿಸಿ ನೋಡುತ್ತಾರೆ.