ಮೈಸೂರಿನ ಫ್ರೀಜರ್ ಆಕ್ಟೋಪಸ್ ಲ್ಯಾಬ್‌ಗೆ ಆಗುತ್ತಾ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೈಸೂರಿನ ಫ್ರೋಜನ್ ಮೀನಿನ ಅಂಗಡಿಗಳಲ್ಲಿ ಸಿಗುವ ಒಂದು ಕೆ.ಜಿ. ‘ಬೇಬಿ ಆಕ್ಟೋಪಸ್’ ಪ್ಯಾಕೆಟ್ ಪ್ರಾಣಿಶಾಸ್ತ್ರದ ಮಕ್ಕಳಿಗೆ ತೋರಿಸೋಕೆ ಫಾರ್ಮಲಿನ್ ಜಾಡಿಯ ಮಾದರಿಗಿಂತ ಎಷ್ಟೋ ಮೇಲು. ಆದರೆ ಅದರ ಮೇಲೆ ಅಚ್ಚಾದ ಹೆಸರನ್ನು ಮಾತ್ರ ನಂಬಬೇಡಿ.

ನಾವು ನೋಡಿದ ಪ್ಯಾಕೆಟ್ ಮೇಲೆ ‘ಆಕ್ಟೋಪಸ್ ವಲ್ಗ್ಯಾರಿಸ್’ ಅಂತ ಇತ್ತು, ಅರಬ್ಬೀ ಸಮುದ್ರದ ಮಾಲು ಅಂತಲೂ ಇತ್ತು. ಎರಡೂ ಒಟ್ಟಿಗೆ ನಿಜವಾಗೋಕೆ ಸಾಧ್ಯವಿಲ್ಲ. ವಲ್ಗ್ಯಾರಿಸ್ ಮೆಡಿಟರೇನಿಯನ್ ಮತ್ತು ಪೂರ್ವ ಅಟ್ಲಾಂಟಿಕ್‌ನ ಪ್ರಾಣಿ. ಹಿಂದೆ ತೋಳಿನ ಮೇಲೆ ಎರಡು ಸಾಲು ಹೀರುಬಟ್ಟಲು ಕಂಡರೆ ಸಾಕು, ಎಲ್ಲವನ್ನೂ ಆಕ್ಟೋಪಸ್ ಕುಲಕ್ಕೆ (ಹತ್ತಿರದ ಜಾತಿಗಳ ಗುಂಪು, ಜೀನಸ್) ತಳ್ಳುವುದು ರೂಢಿಯಾಗಿತ್ತು. 2005ರಲ್ಲಿ ಪ್ರಾಣಿಶಾಸ್ತ್ರಜ್ಞರಾದ ಕ್ರಿಸ್ಟೀನ್ ಹಫರ್ಡ್ ಮತ್ತು ಎಫ್.ಜಿ. ಹೋಕ್‌ಬರ್ಗ್ ಆಂಫಿಆಕ್ಟೋಪಸ್ ಎಂಬ ಹಳೆಯ ಕುಲವನ್ನು ಮತ್ತೆ ಎತ್ತಿ ನಿಲ್ಲಿಸಿದ ಮೇಲೆ ನಮ್ಮ ಕಡೆಯ ಮರಳು-ಕೆಸರು ತಳದ ಸಣ್ಣ ಆಕ್ಟೋಪಸ್‌ಗಳು ಬಹುಪಾಲು ಅಲ್ಲಿಗೆ ಹೋದವು. ಪೂರ್ವ ಏಷ್ಯಾದ ‘ವಲ್ಗ್ಯಾರಿಸ್’ ಕೂಡ 2016ರಲ್ಲಿ ಆಕ್ಟೋಪಸ್ ಸೈನೆನ್ಸಿಸ್ ಅಂತ ಬೇರೆಯಾಯಿತು. ಪ್ಯಾಕೆಟ್ ಮಾಡುವವರು ಇನ್ನೂ ಹಳೇ ಹೆಸರಲ್ಲೇ ಇದ್ದಾರೆ. ‘ಬೇಬಿ’ ಅನ್ನುವುದೂ ತಪ್ಪು: ಇವು ಮರಿಗಳಲ್ಲ, ಬೆಳೆದರೂ ಸಣ್ಣದಾಗಿಯೇ ಇರುವ ಜಾತಿಗಳು. ಹೊಟ್ಟೆ ತೆರೆದರೆ ಮೊಟ್ಟೆ ತುಂಬಿದ ಅಂಡಾಶಯ ಸಿಗುವುದು ಅಪರೂಪವಲ್ಲ.

ಕೊಳ್ಳುವಾಗ ‘ಹೋಲ್’, ಅಂದರೆ ಇಡೀ ಪ್ರಾಣಿ, ಅಂತ ಬಿಡಿಸಿ ಕೇಳಿ. ‘ಕ್ಲೀನ್ಡ್’ ಪ್ಯಾಕೆಟ್‌ನಲ್ಲಿ ಕಣ್ಣು, ಕೊಕ್ಕು, ಒಳಗಿನ ಅಂಗ ಯಾವುದೂ ಇರಲ್ಲ. ಅಡುಗೆಗೆ ಸರಿ, ಪಾಠಕ್ಕೆ ಬರಲ್ಲ. ತೋಳುಗಳನ್ನು ಹೂವಿನ ಹಾಗೆ ಸುರುಳಿ ಮಾಡಿಟ್ಟ ಮಾಲೂ ಬೇಡ, ಅದನ್ನು ಡ್ರಮ್‌ನಲ್ಲಿ ಉರುಳಿಸಿರುತ್ತಾರೆ, ಚರ್ಮ ಸವೆದು ಗುರುತಿನ ಬಣ್ಣವೆಲ್ಲ ಹೋಗಿರುತ್ತೆ. ಇನ್ನೊಂದು ಮುಖ್ಯ ಪರೀಕ್ಷೆ, ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆಯೇ ಅನ್ನೋದು. ಮೈಸೂರಿಗೆ ಸಮುದ್ರ ದೂರ. ಕಲ್ಲಿಕೋಟೆ ಕಡೆಯಿಂದ ಬರುವ ಗಾಡಿ ಬಂಡೀಪುರದ ಕಾಡನ್ನು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ದಾಟುವಂತಿಲ್ಲ. ದಾರಿಯಲ್ಲೋ ಅಂಗಡಿಯಲ್ಲೋ ಕರೆಂಟು, ಕಂಪ್ರೆಸರ್ ಕೈಕೊಟ್ಟರೆ ಮಾಲು ಕರಗುತ್ತೆ. ಪ್ಯಾಕೆಟ್ ಅಲುಗಾಡಿಸಿ: ಒಂದೊಂದೂ ಬಿಡಿಬಿಡಿಯಾಗಿ ಸದ್ದು ಮಾಡಿದರೆ ಒಳ್ಳೆಯದು. ಎಲ್ಲ ಒಂದೇ ಹಲಗೆಯಾಗಿದ್ದು, ಮೂಲೆಯಲ್ಲಿ ಕಂದು ಬಣ್ಣದ ಐಸ್ ಕಂಡರೆ ವಾಪಸ್ ಇಟ್ಟುಬಿಡಿ. ಆ ಕಂದು, ಜೀರ್ಣಗ್ರಂಥಿ ತನ್ನ ಕಿಣ್ವಗಳಿಂದ ತಾನೇ ಕರಗಿ ಸೋರಿದ್ದು. ಒಳಗೆ ಏನೂ ಉಳಿದಿರಲ್ಲ. ತೂಕದಲ್ಲಿ ಮೇಲಿನ ಐಸ್ ಪದರವೂ ಸೇರಿರಬಹುದು, ಕರಗಿಸಿದ ಮೇಲೆ ಒಮ್ಮೆ ತೂಗಿ ನೋಡಿ.

ಕರಗಿಸೋಕೆ ನಲ್ಲಿ ನೀರಿಗೆ ನೇರವಾಗಿ ಹಾಕುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಸಮುದ್ರದ ಪ್ರಾಣಿಯ ಅಂಗಾಂಶ ಸಿಹಿನೀರನ್ನು ಎಳೆದುಕೊಂಡು ಊದಿಕೊಳ್ಳುತ್ತೆ, ಚರ್ಮ ಬಿಳುಚಿಕೊಳ್ಳುತ್ತೆ. ಕವರ್ ಸಮೇತ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಬೆಳಗ್ಗೆ ಲೀಟರಿಗೆ 35 ಗ್ರಾಂ ಉಪ್ಪು ಹಾಕಿದ ತಣ್ಣೀರಲ್ಲಿ ಬಿಡಿಸಿ, ಮುಂದಿನ ಕೆಲಸವನ್ನೂ ಆ ನೀರಿನಲ್ಲೇ ಮಾಡಿ.

ಇನ್ನು ಗುರುತು ಹಿಡಿಯುವುದು. ಹತ್ತು ಪಟ್ಟಿನ ಕೈ ಭೂತಗನ್ನಡಿ, ಕ್ಯಾಲಿಪರ್, ಮೊಂಡು ಸೂಜಿ ಇದ್ದರೆ ಸಾಕು. ಮೊದಲು ಎರಡು ಕಣ್ಣಿನ ನಡುವಿನಿಂದ ಮ್ಯಾಂಟಲ್ (ಒಳಗಿನ ಅಂಗಗಳಿರುವ ಚೀಲದಂಥ ಮೈ) ತುದಿಯವರೆಗೆ ಬೆನ್ನಿನ ಉದ್ದ ಅಳೆಯಿರಿ. ಒಟ್ಟು ಉದ್ದ ಅಳೆದು ಪ್ರಯೋಜನವಿಲ್ಲ, ತೋಳು ಎಳೆದಷ್ಟೂ ಉದ್ದವಾಗುತ್ತೆ. ಆಮೇಲೆ ಪ್ರಾಣಿಯನ್ನು ಮಗುಚಿ ಬಾಯಿಯ ಸುತ್ತ ಇರುವ ಪೊರೆ ನೋಡಿ. ತೋಳುಗಳ ಬುಡದ ನಡುವೆ, ಬಾಯಿಗೆ ಹತ್ತಿರ, ಸೂಜಿಯ ಮೊನೆ ಮೆತ್ತಗೆ ಒಳಗಿಳಿಯುವ ಸಣ್ಣ ರಂಧ್ರಗಳಿದ್ದು ಅವುಗಳ ಹಿಂದೆ ಚೀಲಗಳಿದ್ದರೆ ಅದು ಸಿಸ್ಟೋಪಸ್ ಕುಲ. ಇಂಥ ಎಂಟು ಚೀಲ ಬೇರೆ ಕುಲಗಳಲ್ಲಿ ಇಲ್ಲ. ಬಣ್ಣ ಪೂರ್ತಿ ಹೋದ ಮಾದರಿಯಲ್ಲೂ ಈ ಗುರುತು ಉಳಿಯುತ್ತೆ, ಅದಕ್ಕೇ ಇದನ್ನು ಮೊದಲು ನೋಡಿ ಅನ್ನುವುದು.

ಚೀಲ ಇಲ್ಲದಿದ್ದರೆ ಬಹುಪಾಲು ಆಂಫಿಆಕ್ಟೋಪಸ್. ಎರಡು ಮತ್ತು ಮೂರನೇ ತೋಳಿನ ಬುಡದ ಹತ್ತಿರ, ಕಣ್ಣಿನ ಕೆಳಗೆ, ಹೊಳೆಯುವ ಉಂಗುರವಿರುವ ಕಪ್ಪು ಮಚ್ಚೆ ಇದ್ದರೆ ಆಂಫಿಆಕ್ಟೋಪಸ್ ನೆಗ್ಲೆಕ್ಟಸ್ ಕಡೆಯದು. ಫ್ರೋಜನ್ ಮಾಲಿನಲ್ಲಿ ಉಂಗುರ ಮಂಕಾಗಿರುತ್ತೆ. ನೀರೊಳಗಿಟ್ಟು ಬಿಳಿ ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತೆ. ಮಚ್ಚೆ ಇಲ್ಲದೆ, ತೋಳಿನ ಅಂಚು ಗಾಢ ಕಂದಾಗಿದ್ದು ಅದರ ಪಕ್ಕದಲ್ಲೇ ಹೀರುಬಟ್ಟಲು ಬಿಳಿಯಾಗಿ ಎದ್ದು ಕಂಡರೆ ಆಂಫಿಆಕ್ಟೋಪಸ್ ಮಾರ್ಜಿನೇಟಸ್. ತೆಂಗಿನ ಚಿಪ್ಪು ಹೊತ್ತುಕೊಂಡು ಹೋಗಿ ಅದರೊಳಗೆ ಅಡಗುತ್ತದೆ ಅಂತ 2009ರಲ್ಲಿ ವರದಿಯಾದ ಜಾತಿ ಇದೇ. ಇದನ್ನು ಮೈಸೂರಿನ ಟ್ರೇನಲ್ಲಿ ಕೈಯಾರೆ ನೋಡಬಹುದು ಅನ್ನುವುದೇ ನಮಗೆ ಈ ಪ್ಯಾಕೆಟ್ ಇಷ್ಟವಾಗಲು ದೊಡ್ಡ ಕಾರಣ. ಮಚ್ಚೆಯೂ ಇಲ್ಲ, ಅಂಚಿನ ಗೆರೆಯೂ ಇಲ್ಲ ಅಂದರೆ ಆಂಫಿಆಕ್ಟೋಪಸ್ ಈಜಿನಾ ಇರಬಹುದು. ಅಲ್ಲಿ ಜಾತಿ ಬರೆಯುವ ಆತುರ ಬೇಡ, ಕುಲದ ಹೆಸರಿಗೆ ನಿಲ್ಲಿಸಿ.

ಗಂಡು ಹೆಣ್ಣು ತಿಳಿಯಲು ಬಲಗಡೆಯ ಮೂರನೇ ತೋಳು. ಇಲ್ಲೇ ಮಕ್ಕಳು ಎಡವುವುದು. ಬೆನ್ನು ಮೇಲೆ ಮಾಡಿ, ಬೆನ್ನಿನ ನಡುಗೆರೆಯಿಂದ ಶುರು ಮಾಡಿ ಬಲಕ್ಕೆ ಒಂದು, ಎರಡು, ಮೂರು ಎಣಿಸಬೇಕು. ಮಗುಚಿಟ್ಟು ಎಣಿಸಿದರೆ ಎಡ-ಬಲ ಅದಲುಬದಲಾಗಿ ಗಂಡೆಲ್ಲ ಹೆಣ್ಣಾಗುತ್ತವೆ. ಗಂಡಿನಲ್ಲಿ ಆ ತೋಳು ಎಡಗಡೆಯ ಜೋಡಿಗಿಂತ ಗಿಡ್ಡ, ಅಂಚಿನುದ್ದಕ್ಕೂ ವೀರ್ಯದ ಪೊಟ್ಟಣ ಸಾಗುವ ತೋಡು, ತುದಿಯಲ್ಲಿ ಹೀರುಬಟ್ಟಲೇ ಇಲ್ಲದ ಸಣ್ಣ ಮೊನೆ. ತುಂಡಾಗಿ ಮತ್ತೆ ಬೆಳೆಯುತ್ತಿರುವ ತೋಳೂ ಗಿಡ್ಡವೇ, ಆದರೆ ಅದರ ತುದಿಯವರೆಗೂ ಪುಟ್ಟ ಹೀರುಬಟ್ಟಲುಗಳಿರುತ್ತವೆ. ತೋಡು ಇದೆಯೇ ನೋಡದೆ ಗಂಡು ಅಂತ ಬರೆಯಬೇಡಿ.

ಒಳಗಿನ ಅಂಗಗಳನ್ನು ನೋಡುವುದಾದರೆ ಕಾಲೇಜಿನಲ್ಲಿ ಛೇದನಕ್ಕೆ ಯುಜಿಸಿ ನಿರ್ಬಂಧಗಳಿವೆ. ವಿಭಾಗದ ಒಪ್ಪಿಗೆ ಪಡೆದು, ಒಂದೇ ಪ್ರಾಣಿಯನ್ನು ಮೇಷ್ಟ್ರೇ ತೆರೆದು ಎಲ್ಲರಿಗೂ ತೋರಿಸಿದರೆ ಸಾಕು. ಸೈಫನ್ (ನೀರು ಚಿಮ್ಮುವ ಕೊಳವೆ) ಇರುವ ಹೊಟ್ಟೆಯ ಕಡೆಯಿಂದ ಕತ್ತರಿಸಿ, ಕತ್ತರಿಯ ಮೊನೆ ಮೇಲಕ್ಕೆತ್ತಿರಲಿ. ಮಸಿ ಚೀಲ ಜೀರ್ಣಗ್ರಂಥಿಯ ಹೊಟ್ಟೆ ಬದಿಗೆ ಅಂಟಿಕೊಂಡಿರುತ್ತೆ, ಮೊನೆ ತಾಗಿದರೆ ಟ್ರೇ ಪೂರ್ತಿ ಕಪ್ಪು. ಕಿವಿರುಗಳ ಬುಡದಲ್ಲಿ ಒಂದೊಂದು ಹೃದಯ, ನಡುವೆ ದೇಹಕ್ಕೆ ರಕ್ತ ತಳ್ಳುವ ಮೂರನೆಯದು. ಮೂರೂ ಚೆನ್ನಾಗಿ ಕಾಣುತ್ತವೆ. ರಕ್ತ ನೀಲಿ ಕಾಣಲಿಲ್ಲ ಅಂತ ಬೇಸರ ಬೇಡ, ತಾಮ್ರದ ಹೀಮೋಸಯನಿನ್ ಆಮ್ಲಜನಕ ಹಿಡಿದಾಗ ಮಾತ್ರ ನೀಲಿ. ಬಾಯಿಯ ಸ್ನಾಯುಮುದ್ದೆಯಿಂದ ಕೊಕ್ಕನ್ನು ಬಿಡಿಸಿ ತೊಳೆದು ಎರಡು ಭಾಗ ಜೋಡಿಸಿ ನೋಡಿ: ಗಿಳಿಯಲ್ಲಿ ಮೇಲಿನ ಕೊಕ್ಕು ಕೆಳಗಿನದರ ಮೇಲೆ ಬಾಗುತ್ತೆ, ಇಲ್ಲಿ ಕೆಳಗಿನದೇ ಮೇಲಿನದನ್ನು ಆವರಿಸುತ್ತೆ. ಕಿವಿರಿನ ಹೊರಗಿನ ಅರ್ಧದಲ್ಲಿ ಎಷ್ಟು ಪದರ ಇವೆ ಅಂತ ಎಣಿಸಿ ಬರೆದಿಡಿ, ಜಾತಿ ಖಚಿತಪಡಿಸುವಾಗ ಬೇಕಾಗುತ್ತೆ.

ಈ ಪ್ಯಾಕೆಟ್‌ನ ದೊಡ್ಡ ಕೊರತೆ ಮೆದುಳು. ಅನ್ನನಾಳ ಮೆದುಳಿನ ನಡುವೆ ಹಾದುಹೋಗುವುದನ್ನೂ, ದೃಕ್ ಹಾಲೆಯ (ಕಣ್ಣಿನ ಹಿಂದಿನ ಮೆದುಳಿನ ಭಾಗ) ತೊಟ್ಟಿನ ಮೇಲಿರುವ ದೃಕ್ ಗ್ರಂಥಿಯನ್ನೂ ತೋರಿಸುವ ಆಸೆ ಯಾರಿಗಾದರೂ ಇರುತ್ತೆ. 1977ರಲ್ಲಿ ಸಂಶೋಧಕ ಜೆರೋಮ್ ವೊಡಿನ್‌ಸ್ಕಿ ಆ ಗ್ರಂಥಿ ತೆಗೆದಾಗ, ಮೊಟ್ಟೆ ಕಾಯುತ್ತಾ ಉಪವಾಸ ಸಾಯಬೇಕಿದ್ದ ತಾಯಿ ಮತ್ತೆ ತಿನ್ನಲು ಶುರು ಮಾಡಿ ಹೆಚ್ಚು ಕಾಲ ಬದುಕಿತು. ಆದರೆ ಘನೀಕರಿಸಿ ಕರಗಿದ ಮೆದುಳು ಪಿಚಕ್ ಅನ್ನುವಷ್ಟು ಮೆತ್ತಗಾಗಿರುತ್ತೆ. ಇದೊಂದಕ್ಕೆ ಫಾರ್ಮಲಿನ್ ಮಾದರಿಯೇ ಗತಿ. ಜಾಡಿ ಮಾಲಿನ ತೊಂದರೆ ಬೇರೆ: ಬಿಳುಚಿ, ಬಿರುಸಾಗಿ, ತೋಳುಗಳು ಬಾಯಿಯ ಮೇಲೆ ಮುದುಡಿಕೊಂಡು ಸಿಸ್ಟೋಪಸ್‌ನ ಚೀಲವೂ ಕಾಣಲ್ಲ, ಮೂರನೇ ತೋಳೂ ಸಿಗಲ್ಲ. ಎಲ್ಲಿ, ಯಾವಾಗ ಹಿಡಿದದ್ದು ಅಂತ ಚೀಟಿಯೂ ಇರಲ್ಲ. ಸ್ಥಳ ತಿಳಿಯದ ಮಾದರಿಗೆ ವರ್ಗೀಕರಣದಲ್ಲಿ ಬೆಲೆ ತೀರಾ ಕಡಿಮೆ.

ಹಾಗಾಗಿ ಜಾಡಿಯನ್ನು ನೀವೇ ಮಾಡಿ. ಮೊದಲು ಒಂದು ತೋಳಿನ ತುದಿ ಕತ್ತರಿಸಿ ಶೇ. 95 ಎಥನಾಲ್‌ನಲ್ಲಿ ಹಾಕಿಡಿ. ಫಾರ್ಮಲಿನ್ ತಾಗಿದ ಮೇಲೆ ಡಿಎನ್‌ಎ ಕೆಲಸಕ್ಕೆ ಬರಲ್ಲ. ಬಲಗಡೆಯ ಮೂರನೇ ತೋಳನ್ನು ಮಾತ್ರ ಮುಟ್ಟಬೇಡಿ. ತೋಳುಗಳನ್ನು ನೇರ ಚಾಚಿ, ಅಂಗಡಿಯ ಫಾರ್ಮಲಿನ್ ಒಂದು ಭಾಗಕ್ಕೆ ಉಪ್ಪುನೀರು ಒಂಬತ್ತು ಭಾಗ ಸೇರಿಸಿ ಎರಡು ದಿನ ಇಡಿ, ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು. ಚೆನ್ನಾಗಿ ತೊಳೆದು ಶೇ. 70 ಎಥನಾಲ್‌ಗೆ ಬದಲಿಸಿ. ಪ್ಯಾಕೆಟ್‌ನ ಬ್ಯಾಚ್ ಸಂಖ್ಯೆ, ಪ್ಯಾಕ್ ಮಾಡಿದ ಊರು, ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದು ಜಾಡಿಯ ಒಳಗೇ ಹಾಕಿ. ಪೆನ್ನಿನ ಮಸಿ ಎಥನಾಲ್‌ನಲ್ಲಿ ಕರಗುತ್ತೆ.

ಒಂದು ಎಚ್ಚರಿಕೆ. ಆಗ್ನೇಯ ಏಷ್ಯಾದ ಮಾರುಕಟ್ಟೆಗಳಲ್ಲಿ ಬೇಬಿ ಆಕ್ಟೋಪಸ್ ಜೊತೆ ನೀಲಿಯುಂಗುರದ ಹಪಲೋಕ್ಲೀನಾ ಬೆರೆತು ಬಂದದ್ದುಂಟು. ಅದರ ಮಾರಕ ವಿಷ ಟೆಟ್ರೊಡೋಟಾಕ್ಸಿನ್ ಬೇಯಿಸಿದರೂ ಹೋಗಲ್ಲ, ಘನೀಕರಿಸಿದರೂ ಹೋಗಲ್ಲ. ಎರಡು ಬದಿಗೆ ಒಂದೊಂದೇ ಮಚ್ಚೆ ಇದ್ದರೆ ಹೆದರಬೇಕಿಲ್ಲ, ಅದು ಮೇಲೆ ಹೇಳಿದ ನೆಗ್ಲೆಕ್ಟಸ್ ಥರದ್ದು. ಮೈಮೇಲೂ ತೋಳಿನ ಮೇಲೂ ಹತ್ತಾರು ಸಣ್ಣ ಉಂಗುರ ಕಂಡರೆ ಬರಿಗೈಯಲ್ಲಿ ಮುಟ್ಟದೆ ಬೇರೆ ಕವರಿಗೆ ಹಾಕಿ, ಉಳಿದ ಪ್ಯಾಕೆಟ್ಟನ್ನು ಅಡುಗೆಮನೆಗೆ ಕಳಿಸಬೇಡಿ, ಅಂಗಡಿಯವರಿಗೆ ತಕ್ಷಣ ತಿಳಿಸಿ.